ಕಣ್ಣು ಕತ್ತಲೆ ಬಂದರೆ ನಿಂತಿರಬೇಡಿ, ಮಲಗಿಬಿಡಿ

ಪ್ರಶ್ನೆ: ನನಗೆ 27 ವರ್ಷ. ಕಳೆದ ತಿಂಗಳು ಪರೀಕ್ಷೆಗೆ ರಕ್ತ ಕೊಟ್ಟು, ಬಿಲ್ ಕಟ್ಟಲು ಸಾಲಿನಲ್ಲಿ ನಿಂತಿದ್ದೆ. ಮೈಯೆಲ್ಲ ಬೆವರಿತು, ಕಿವಿ ಗುಂಯ್ ಎಂದಿತು, ಆಮೇಲೆ ಏನಾಯಿತೋ ಗೊತ್ತಿಲ್ಲ. ಅರ್ಧ ನಿಮಿಷದಲ್ಲಿ ಎಚ್ಚರವಾಯಿತಂತೆ. ಬಿದ್ದಾಗ ಕೈಕಾಲು ಒಂದೆರಡು ಸಲ ಅದುರಿದ್ದರಿಂದ ಫಿಟ್ಸ್ ಇರಬಹುದು ಎಂದು ಮನೆಯವರು ಹೆದರಿದ್ದಾರೆ. ಇಸಿಜಿ ಸರಿಯಾಗಿದೆ ಎಂದು ವೈದ್ಯರು ಹೇಳಿದ್ದಾರೆ. ಆದರೂ ಎಲ್ಲಾದರೂ ನಿಲ್ಲಬೇಕೆಂದರೆ ಭಯವಾಗುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಭಯ ಸಹಜವೇ. ಆದರೆ ನೀವು ಬರೆದಿರುವುದನ್ನು ನೋಡಿದರೆ ಇದು ತುಂಬಾ ಜನರಿಗೆ ಆಗುವ, ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯವಿಲ್ಲದ ಬಗೆ. ವೈದ್ಯರು ಇದಕ್ಕೆ ವಾಸೋವೇಗಲ್ ಸಿಂಕೊಪಿ ಎನ್ನುತ್ತಾರೆ. ನಾವು ನಿಂತಾಗ ಅರ್ಧ ಲೀಟರ್‌ಗಿಂತ ಜಾಸ್ತಿ ರಕ್ತ ಹೊಟ್ಟೆ, ಕಾಲುಗಳ ಕಡೆಗೆ ಇಳಿಯುತ್ತದೆ. ಸೂಜಿ, ನೋವು, ಗಾಬರಿ, ಸೆಕೆ, ಬಹಳ ಹೊತ್ತು ನಿಲ್ಲುವುದು, ಇಂಥದ್ದು ಸೇರಿಕೊಂಡರೆ ಕೆಲವರಲ್ಲಿ ಹೃದಯದ ಬಡಿತ ನಿಧಾನವಾಗಿ, ರಕ್ತನಾಳಗಳು ಸಡಿಲಾಗುತ್ತವೆ. ಬಿಪಿ ತಟ್ಟನೆ ಇಳಿದು ಮೆದುಳಿಗೆ ರಕ್ತ ಸಾಲುವುದಿಲ್ಲ. ಆಗ ಎಚ್ಚರ ತಪ್ಪುತ್ತದೆ.

ಕೈಕಾಲು ಅದುರಿದ ಮಾತ್ರಕ್ಕೆ ಫಿಟ್ಸ್ ಅಲ್ಲ. ಇದರಲ್ಲೂ ಕೆಲವು ಸೆಕೆಂಡ್ ಅದುರಬಹುದು. ಫಿಟ್ಸ್‌ನಲ್ಲಿ ಅದುರುವುದು ಸಾಮಾನ್ಯವಾಗಿ ಹೆಚ್ಚು ಹೊತ್ತು ಇರುತ್ತದೆ, ನಾಲಿಗೆಯ ಪಕ್ಕ ಕಚ್ಚಿಹೋಗಿರಬಹುದು, ಎಚ್ಚರವಾದ ಮೇಲೂ ಬಹಳ ಹೊತ್ತು ಮಂಕಾಗಿರುತ್ತಾರೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಆ ಬೆವರು ಮತ್ತು ಕಿವಿಯ ಗುಂಯ್ ಸದ್ದು. ದೇಹ ಮೊದಲೇ ಸೂಚನೆ ಕೊಟ್ಟಿದೆ. ವಾಕರಿಕೆ, ಆಕಳಿಕೆ, ಕಣ್ಣು ಮಂಜಾಗುವುದು ಕೂಡ ಇದೇ ಸಾಲಿಗೆ ಸೇರಿದವು. ಆ ಕೆಲವು ಸೆಕೆಂಡ್ ನಿಮ್ಮ ಕೈಯಲ್ಲಿದೆ. ಹೆಚ್ಚಿನವರು ಅದನ್ನು ನಾಚಿಕೆಯಲ್ಲೇ ಕಳೆಯುತ್ತಾರೆ. ಸಾಲು ಬಿಟ್ಟು ನೆಲದ ಮೇಲೆ ಮಲಗಿದರೆ ಜನ ಏನೆಂದುಕೊಳ್ಳುತ್ತಾರೋ ಅನ್ನಿಸುತ್ತದೆ, ಅಲ್ವಾ? ದಯವಿಟ್ಟು ಮಲಗಿಬಿಡಿ. ಕಾಲು ಮೇಲೆತ್ತಿ ಯಾವುದಾದರೂ ಕುರ್ಚಿಗೋ ಬ್ಯಾಗಿಗೋ ಒರಗಿಸಿ. ಮಲಗಲು ಆಗದಿದ್ದರೆ ಕುಕ್ಕರುಗಾಲಲ್ಲಿ ಕೂರಿ. ಅದೂ ಆಗದಿದ್ದರೆ ನಿಂತಲ್ಲೇ ಕಾಲು ಕತ್ತರಿ ಹಾಕಿ ತೊಡೆ, ಪೃಷ್ಠ, ಹೊಟ್ಟೆಯನ್ನು ಗಟ್ಟಿಯಾಗಿ ಬಿಗಿಯಿರಿ, ಎರಡೂ ಕೈ ಬೆರಳು ಕೊಕ್ಕೆಯಂತೆ ಸೇರಿಸಿ ಜೋರಾಗಿ ಎಳೆಯಿರಿ. ಸ್ನಾಯು ಬಿಗಿದಾಗ ರಕ್ತ ಮೇಲಕ್ಕೆ ಒತ್ತಲ್ಪಟ್ಟು ಬಿಪಿ ಏರುತ್ತದೆ. ಇದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ. ಸರಿಹೋಯಿತು ಎಂದು ತಕ್ಷಣ ಎದ್ದರೆ ಮತ್ತೆ ಬೀಳಬಹುದು. ಮೊದಲು ಕೂತು, ಆಮೇಲೆ ನಿಧಾನವಾಗಿ ಏಳಿ.

ಮನೆಯವರಿಗೂ ಒಂದು ಮಾತು. ಬಿದ್ದವರನ್ನು ಎತ್ತಿ ಕೂರಿಸಬೇಡಿ, ಬಾಯಿಗೆ ನೀರು ಹಾಕಬೇಡಿ. ಮಲಗಿಸಿ ಕಾಲು ಎತ್ತಿ ಹಿಡಿಯಿರಿ, ಸಾಕು. ಒಂದೆರಡು ನಿಮಿಷದಲ್ಲಿ ಎಚ್ಚರವಾಗದಿದ್ದರೆ ಆಂಬುಲೆನ್ಸ್ ಕರೆಯಿರಿ. ಉಸಿರಾಟ ಸರಿಯಿಲ್ಲದಿದ್ದರೆ ಅಷ್ಟೂ ಕಾಯಬೇಡಿ.

ದಿನಕ್ಕೆ ಸುಮಾರು 2 ಲೀಟರ್ ನೀರು ಕುಡಿಯಿರಿ, ಊಟ ಬಿಡಬೇಡಿ. ಉಪ್ಪು ಜಾಸ್ತಿ ಮಾಡಬೇಕೇ ಎಂಬುದನ್ನು ವೈದ್ಯರನ್ನೇ ಕೇಳಿ. ಬಿಪಿ ಜಾಸ್ತಿ ಇರುವವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ ಅದು ಒಳ್ಳೆಯದಲ್ಲ. ಗಾಡಿ ಓಡಿಸುವ ಬಗ್ಗೆಯೂ ಅವರ ಹತ್ತಿರ ಮಾತಾಡಿ.

ಮುಂದೆ ಯಾವತ್ತಾದರೂ ಓಡುವಾಗ, ವ್ಯಾಯಾಮದ ನಡುವೆ ಅಥವಾ ಮಲಗಿದ್ದಾಗಲೇ ಎಚ್ಚರ ತಪ್ಪಿದರೆ, ಸೂಚನೆಯೇ ಇಲ್ಲದೆ ಬಿದ್ದರೆ, ಎದೆ ನೋವು ಅಥವಾ ಎದೆ ಬಡಿತದ ಏರುಪೇರು ಕಂಡರೆ, ಆ ದಿನವೇ ಆಸ್ಪತ್ರೆಗೆ ಹೋಗಿ. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಅದನ್ನು ಈಗಲೇ ವೈದ್ಯರಿಗೆ ತಿಳಿಸಿ.

ಇನ್ನು ಮುಂದಿನ ರಕ್ತ ಪರೀಕ್ಷೆ. "ನನಗೆ ಹಿಂದೆ ಹೀಗಾಗಿತ್ತು, ಮಲಗಿಕೊಂಡೇ ಕೊಡುತ್ತೇನೆ" ಎಂದು ಸೂಜಿ ಹಿಡಿದವರಿಗೆ ಮೊದಲೇ ಹೇಳಿ. ನೀರು ಕುಡಿಯಬಾರದು ಎಂದಿಲ್ಲದಿದ್ದರೆ ಸ್ವಲ್ಪ ಮೊದಲು ಎರಡು ಲೋಟ ಕುಡಿಯಿರಿ. ಮುಗಿದ ಮೇಲೆ ಹತ್ತು ನಿಮಿಷ ಅಲ್ಲೇ ಮಲಗಿರಿ. ಬಿಲ್ ಕಟ್ಟಲು ಜೊತೆಗೆ ಬಂದವರು ಹೋಗಲಿ.