ಅಮೀಬಾಕ್ಕೆ ಮೂತ್ರಪಿಂಡ ಅಂಟಿಸಬೇಡಿ, ಮೇಷ್ಟ್ರೇ

ಮೇಷ್ಟ್ರೇ, ನಮಸ್ಕಾರ.

ಏಕಕೋಶ ಜೀವಿಗಳು ಕಸ ಹೊರಹಾಕುವ ಬಗೆ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಅಚ್ಚು ಹಾಕಲಾರೆ. ಭಾಷೆಯ ತಕರಾರಲ್ಲ. ಎರಡನೇ ಪುಟದಲ್ಲಿ ‘ಸಂಕೋಚನಶೀಲ ರಸದಾನಿಯೇ ಅಮೀಬಾದ ಮೂತ್ರಪಿಂಡ’ ಎಂದಿದ್ದೀರಿ (ರಸದಾನಿ ಅಂದರೆ ಕೋಶದೊಳಗೆ ತುಂಬಿ ಖಾಲಿಯಾಗುವ ಪುಟ್ಟ ಚೀಲ), ಇಡೀ ಲೇಖನ ಆ ಮಾತಿನ ಮೇಲೇ ನಿಂತಿದೆ.

ಪಾಠ ಮಾಡುವಾಗ ಹಾಗೆ ಹೇಳಿಬಿಡುತ್ತೇವೆ, ನಾನೂ ಹಾಗೇ ಕಲಿತವನು. ಆದರೆ ಆ ರಸದಾನಿಯ ಮುಖ್ಯ ಕೆಲಸ ನೀರು ಎತ್ತಿ ಹಾಕುವುದು. ಕೆರೆ ನೀರಿಗಿಂತ ಕೋಶದೊಳಗೆ ಲವಣಾಂಶ ಹೆಚ್ಚು, ಹಾಗಾಗಿ ನೀರು ಪೊರೆ ದಾಟಿ ಒಳಗೆ ಬರುತ್ತಲೇ ಇರುತ್ತದೆ. ತೂತು ದೋಣಿಯಲ್ಲಿ ಕೂತವನ ಹಾಗೆ ಮೊಗೆದು ಚೆಲ್ಲುತ್ತಿರಬೇಕು, ಇಲ್ಲದಿದ್ದರೆ ಉಬ್ಬಿ ಒಡೆಯುತ್ತದೆ. ಸಮುದ್ರದ ಎಷ್ಟೋ ಅಮೀಬಾಗಳಿಗೆ ಈ ರಸದಾನಿಯೇ ಇಲ್ಲ. ಅವೂ ಬದುಕಿವೆ, ಅವಕ್ಕೂ ಕಸವಿದೆ.

ಅಮೋನಿಯಾ, ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಮೈಯ ಪೊರೆಯ ಮೂಲಕವೇ ವಿಸರಣೆಯಾಗಿ ನೀರಿಗೆ ಸೇರುತ್ತವೆ. ಅಮೀಬಾದಂತೆಯೇ ಒಂದೇ ಕೋಶದ ಪ್ಯಾರಮೀಸಿಯಂನ ಉದ್ದ ಸುಮಾರು 0.1ರಿಂದ 0.3 ಮಿಲಿಮೀಟರ್, ಒಳಗಿನ ಯಾವ ಮೂಲೆಯೂ ಹೊರಗಿನ ನೀರಿಗೆ ದೂರವಲ್ಲ. ಜೀರ್ಣವಾಗದೆ ಉಳಿದದ್ದರ ದಾರಿ ಬೇರೆ. ಅಮೀಬಾ ಅದನ್ನು ಸಾಮಾನ್ಯವಾಗಿ ಹಿಂಬದಿಯಲ್ಲಿ ಬಿಟ್ಟು ಮುಂದೆ ಹರಿಯುತ್ತದೆ. ಪ್ಯಾರಮೀಸಿಯಂಗೆ ಅದಕ್ಕೆಂದೇ ಗೊತ್ತಾದ ಒಂದು ಜಾಗವಿದೆ. ನೀವು ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದಿದ್ದೀರಿ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಕೊನೆಯ ಪುಟದಲ್ಲಿ. ಹಳೇಬೀಡಿನ ದ್ವಾರಸಮುದ್ರ ಕೆರೆಯಿಂದ ನೀರು ತಂದು, ಒಣಹುಲ್ಲು ನೆನೆಹಾಕಿ, ವಾರದ ಮೇಲೆ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಿರಿ. ಪ್ಯಾರಮೀಸಿಯಂನ ನಕ್ಷತ್ರದಂಥ ರಸದಾನಿ ತುಂಬಿ ಖಾಲಿಯಾಗುವುದನ್ನು ಮಕ್ಕಳು ಎಣಿಸಿದರು. ತೀರಾ ತೆಳು ಉಪ್ಪುನೀರು ಸೇರಿಸಿದಾಗ ಅದರ ಬಡಿತ ನಿಧಾನವಾಯಿತು. ಇಷ್ಟನ್ನು ಎರಡೇ ಸಾಲಲ್ಲಿ ಮುಗಿಸಿದ್ದೀರಲ್ಲ! ಹೊರಗೆ ಉಪ್ಪು ಹೆಚ್ಚಿದರೆ ಒಳಬರುವ ನೀರು ಕಡಿಮೆ, ಮೊಗೆಯುವ ಕೆಲಸವೂ ಕಡಿಮೆ. ಕಸ ಎಸೆಯುವುದೇ ಅದರ ಕೆಲಸವಾಗಿದ್ದರೆ ಉಪ್ಪಿಗೆ ಅದು ಯಾಕೆ ನಿಧಾನವಾಗಬೇಕಿತ್ತು? ನಿಮ್ಮ ಎರಡನೇ ಪುಟಕ್ಕೆ ಉತ್ತರ ನಿಮ್ಮ ಮಕ್ಕಳೇ ಕೊಟ್ಟಿದ್ದಾರೆ.

ಆ ಹನಿಯಿಂದಲೇ ಲೇಖನ ಶುರುವಾಗಲಿ. ಮೊದಲ ಪುಟ ಪೂರ್ತಿ ತೆಗೆಯಿರಿ. ‘ಸೃಷ್ಟಿಯ ವಿಸ್ಮಯ’ ನಾಲ್ಕು ಕಡೆ ಬಂದಿದೆ, ಒಂದೂ ಬೇಡ. ಬ್ರೆಡ್ಡನ್ನು ಉಬ್ಬಿಸುವುದು ಯೀಸ್ಟು ಹೊರಬಿಟ್ಟ ಅನಿಲ ಎಂಬ ಪ್ಯಾರಾ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ.

ಎಷ್ಟು ಸೆಕೆಂಡಿಗೊಮ್ಮೆ ಎಂದು ಮಕ್ಕಳು ಬರೆದಿಟ್ಟ ಹಾಳೆ ಇದ್ದರೆ ಹಾಸನಕ್ಕೆ ಬರುವಾಗ ತನ್ನಿ. ಕಾಟು ಹೊಡೆದಿದ್ದರೂ ಪರವಾಗಿಲ್ಲ, ಹಾಗೇ ಅಚ್ಚು ಹಾಕೋಣ.