ಪೆನ್ 500ಕ್ಕೆ 505 ಎಚ್‌ಎಸ್‌ನ ಪಿನಿಯನ್ ಮಾತ್ರ ಹಾಕಬಹುದೇ?

ಪಿನಿಯನ್ (ಸ್ಪೂಲ್, ಅಂದರೆ ದಾರ ಸುತ್ತುವ ಉರುಳೆ, ತಿರುಗಿಸುವ ಚಿಕ್ಕ ಗೇರ್) ಸವೆದ ಪೆನ್ ಜಿಗ್‌ಮಾಸ್ಟರ್ 500 ಮೀನಿನ ರೀಲ್ ಒಂದು, ಸೈಡ್ ಪ್ಲೇಟ್ ಬಿರುಕು ಬಿಟ್ಟ 505 ಎಚ್‌ಎಸ್ (ಹೈ ಸ್ಪೀಡ್) ಇನ್ನೊಂದು, ಎರಡನೆಯದರ ಪಿನಿಯನ್ ಇನ್ನೂ ಹೊಸದರ ಹಾಗಿದೆ ಅಂತ ಬರೆದಿದ್ದೀರಿ. ನಾನೂ ಇದೇ ಜಾಗದಲ್ಲಿದ್ದೆ. ಆ ಪಿನಿಯನ್ ಒಂದನ್ನೇ ತೆಗೆದು 500ಕ್ಕೆ ಕೂರಿಸಿದೆ. ಮೇಜಿನ ಮೇಲೆ ಹ್ಯಾಂಡಲ್ ಸರಾಗವಾಗಿ ತಿರುಗಿತು. ಸ್ಯಾನ್ ಡಿಯಾಗೊ ಕಡಲಲ್ಲಿ ಮೊದಲ ಯೆಲ್ಲೊಟೇಲ್ ಮೀನು ಜಗ್ಗಿದಾಗ ಕಟಕಟ ಸದ್ದು ಬಂತು. ಬಿಚ್ಚಿ ನೋಡಿದರೆ ಚೆನ್ನಾಗಿದ್ದ ಮೇನ್ ಗೇರ್‌ನ (ಹ್ಯಾಂಡಲ್ ತಿರುಗಿಸುವ ದೊಡ್ಡ ಗೇರ್) ಹಲ್ಲುಗಳ ತುದಿ ಸುತ್ತಲೂ ಬೋಳಾಗಿತ್ತು, ಗ್ರೀಸ್ ತುಂಬ ಹಿತ್ತಾಳೆ ಪುಡಿ.

ಹೀಗೇಕಾಯಿತು ಅನ್ನುವುದನ್ನು ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಹಳೆಯ ರೀಲ್‌ಗಳ ಗೇರ್ ಬದಲಾವಣೆಯೆಲ್ಲ ನಿಂತಿರುವುದು ಇದರ ಮೇಲೆ. ಪಿನಿಯನ್ ತಿರುಗುವುದು ಸ್ಪೂಲ್‌ನ ಅಕ್ಷದ ಮೇಲೆ, ಮೇನ್ ಗೇರ್ ತಿರುಗುವುದು ಬ್ರಿಡ್ಜ್‌ನ, ಅಂದರೆ ಗೇರ್‌ಗಳನ್ನು ಹೊರುವ ಲೋಹದ ತಟ್ಟೆಯ, ಗೂಟದ ಮೇಲೆ. ಇವೆರಡರ ನಡುವಿನ ಅಂತರ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ಸ್ಕ್ರೂ ತಿರುಗಿಸಿ ಹೊಂದಿಸಲು ಬರುವುದಿಲ್ಲ. ಹಲ್ಲಿನ ಅಳತೆ ಒಂದೇ ಆಗಿದ್ದರೆ, ಆ ಅಂತರಕ್ಕೆ ಎರಡೂ ಗೇರ್‌ಗಳ ಹಲ್ಲುಗಳ ಒಟ್ಟು ಮೊತ್ತವೂ ಒಂದೇ ಇರಬೇಕು.

ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳಿ (ಇವು ಯಾವ ಮಾಡೆಲ್‌ನ ಅಸಲಿ ಸಂಖ್ಯೆಗಳೂ ಅಲ್ಲ). 4:1 ಜೋಡಿಯಲ್ಲಿ (ಹ್ಯಾಂಡಲ್‌ನ ಒಂದು ಸುತ್ತಿಗೆ ಸ್ಪೂಲ್ ನಾಲ್ಕು ಸುತ್ತು) ಮೇನ್ ಗೇರ್‌ಗೆ 48 ಹಲ್ಲು, ಪಿನಿಯನ್‌ಗೆ 12, ಮೊತ್ತ 60. 5:1 ಜೋಡಿಯಲ್ಲಿ 50 ಮತ್ತು 10, ಮೊತ್ತ ಮತ್ತೆ 60. ಹೀಗಿದ್ದರೆ ಎರಡು ಜೋಡಿಯೂ ಒಂದೇ ಬ್ರಿಡ್ಜ್ ಮೇಲೆ ಕೂರುತ್ತವೆ. ಈಗ 48ರ ಮೇನ್ ಗೇರ್ ಉಳಿಸಿಕೊಂಡು 10ರ ಪಿನಿಯನ್ ಹಾಕಿದರೆ ಮೊತ್ತ 58. ಮಾಡ್ಯೂಲ್, ಅಂದರೆ ಹಲ್ಲಿನ ಅಳತೆ, 0.7 ಎಂದಿಟ್ಟುಕೊಂಡರೆ ಆ ಜೋಡಿಗೆ ಬೇಕಾದ ಅಂತರ 20.3 ಮಿ.ಮೀ., ರೀಲ್‌ನಲ್ಲಿ ಇರುವುದು 21. ಹಲ್ಲುಗಳು ಒಂದರೊಳಗೊಂದು 1.4 ಮಿ.ಮೀ. ಇಳಿಯಬೇಕಾದ ಕಡೆ 0.7 ಮಾತ್ರ ಇಳಿಯುತ್ತವೆ, ಸರಿಯಾಗಿ ಅರ್ಧ. ಖಾಲಿ ತಿರುಗಿಸಲು ಅರ್ಧ ಸಾಕು, ಅದಕ್ಕೇ ಮೇಜಿನ ಮೇಲೆ ಎಲ್ಲವೂ ಸರಿಯಿದ್ದಂತೆ ಕಾಣುವುದು. ಭಾರ ಬಿದ್ದಾಗ ಪೂರ್ತಿ ಬಲವನ್ನು ಹಲ್ಲಿನ ತುದಿ ಹೊರಬೇಕು. ತುದಿ ತೆಳು, ಅದು ಉರುಟಾಗುತ್ತದೆ, ಒಂದು ಹಲ್ಲು ಜಾರಿದ ಮೇಲೆ ಮುಂದಿನವೂ ಜಾರುತ್ತವೆ. ತಿರುವುಮುರುವಾಗಿ 50ರ ಮೇನ್ ಗೇರ್‌ಗೆ 12ರ ಪಿನಿಯನ್ ಹಾಕಲು ಹೊರಟರೆ ಅದು ಒಳಗೇ ಕೂರುವುದಿಲ್ಲ. ಆ ತಪ್ಪಿನಿಂದ ನಷ್ಟವಿಲ್ಲ. ಸಡಿಲವಾಗಿ ಕೂತು ತಿರುಗುವ ಜೋಡಿಯೇ ಅಪಾಯ.

ಯಾವ ಮಾಡೆಲ್‌ಗೆ ಯಾವುದು ಹೊಂದುತ್ತದೆ ಅನ್ನುವ ಪಟ್ಟಿ ಕೇಳಿದ್ದೀರಿ. ನನ್ನ ಮಟ್ಟಿಗೆ ಆ ಪಟ್ಟಿಯ ಬೆನ್ನು ಹತ್ತುವುದೇ ತಪ್ಪು ದಾರಿ. ಫಿಲಡೆಲ್ಫಿಯಾದಲ್ಲಿ 1932ರಲ್ಲಿ ಶುರುವಾದ ಪೆನ್ ಕಂಪನಿ ಒಂದೇ ಮಾಡೆಲ್ ಹೆಸರನ್ನು ದಶಕಗಟ್ಟಲೆ ಉಳಿಸಿಕೊಂಡು ಒಳಗಿನ ಭಾಗಗಳನ್ನು ಆಗಾಗ ಬದಲಿಸುತ್ತಾ ಬಂದಿದೆ. ಮೇಲಿನ ಹೆಸರಿಗಿಂತ ಭಾಗದ ನಂಬರ್ ನಂಬಿ. ಅಡ್ಡಗೆರೆಯ ಎಡಗಡೆ ಇರುವುದು ಯಾವ ಭಾಗ ಅನ್ನುವುದು: 5 ಅಂದರೆ ಮೇನ್ ಗೇರ್, 13 ಅಂದರೆ ಪಿನಿಯನ್. ಬಲಗಡೆ ಇರುವುದು ಸಾಮಾನ್ಯವಾಗಿ ಮಾಡೆಲ್. ಅಂದಮೇಲೆ 5-500ರ ಸಂಗಾತಿ 13-500. ನಂಬರ್ ಸಿಕ್ಕಿದರೂ ಹಳೆಯ ರೀಲ್‌ನಲ್ಲಿ ಹಿಂದಿನ ಮಾಲೀಕರು ಏನು ಹಾಕಿದ್ದಾರೋ ಗೊತ್ತಿರುವುದಿಲ್ಲ, ಹಾಗಾಗಿ ಎಣಿಸಿ, ಅಳೆಯಿರಿ.

ಮೊದಲು ಎರಡೂ ರೀಲ್‌ಗಳ ನಾಲ್ಕು ಗೇರ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ. ಒಂದು ಹಲ್ಲಿಗೆ ಮಾರ್ಕರ್ ಹಚ್ಚಿ ಅಲ್ಲಿಂದ ಎಣಿಸಿ, ಎರಡು ಸಲ. ನೇರ ಹಲ್ಲಿನ ಮೇನ್ ಗೇರ್ ಆದರೆ ಹಲ್ಲಿನ ಸಂಖ್ಯೆಗೆ 2 ಕೂಡಿಸಿ, ಬಂದ ಮೊತ್ತದಿಂದ ಹೊರವ್ಯಾಸವನ್ನು ಭಾಗಿಸಿದರೆ ಮಾಡ್ಯೂಲ್ ಸಿಗುತ್ತದೆ. ಪಿನಿಯನ್‌ನಿಂದ ಇದನ್ನು ಲೆಕ್ಕ ಹಾಕಬೇಡಿ, ಕಡಿಮೆ ಹಲ್ಲಿನ ಪಿನಿಯನ್‌ಗಳ ಹೊರವ್ಯಾಸವನ್ನು ಬೇಕೆಂದೇ ಸ್ವಲ್ಪ ಹಿಗ್ಗಿಸಿ ಮಾಡುವುದುಂಟು. ಹಲ್ಲು ಓರೆಯಾಗಿದ್ದರೆ ಈ ಸೂತ್ರ ಹೊಂದುವುದಿಲ್ಲ. ಆಗ ಓರೆಯ ಕೋನವೂ ಕೂಡಬೇಕು, ಒಂದರ ಓರೆ ಎಡಕ್ಕಿದ್ದರೆ ಇನ್ನೊಂದರದು ಬಲಕ್ಕಿರಬೇಕು.

ಆಮೇಲೆ ವರ್ನಿಯರ್ ಹಿಡಿದು ಪಿನಿಯನ್‌ನ ಮೂರು ಜಾಗ ನೋಡಿ: ಒಳರಂಧ್ರ, ಯೋಕ್ (ಪಿನಿಯನ್ನನ್ನು ಹಿಂದೆ ಮುಂದೆ ಸರಿಸುವ ತುಂಡು) ಕೂರುವ ತೋಡಿನ ಅಗಲ, ಸ್ಪೂಲ್ ತುದಿಯನ್ನು ಹಿಡಿಯುವ ಸೀಳಿನ ಅಗಲ. ತೋಡು ಅಗಲವಾಗಿದ್ದರೆ ಲಿವರ್ ಹಾಕಿದರೂ ಪಿನಿಯನ್ ಪೂರ್ತಿ ಮುಂದೆ ಬರುವುದಿಲ್ಲ, ಸೀಳು ಅರ್ಧ ಮಾತ್ರ ಹಿಡಿಯುತ್ತದೆ. ಮೇನ್ ಗೇರ್‌ನಲ್ಲಿ ಸ್ಲೀವ್ (ಹ್ಯಾಂಡಲ್ ಕೂರುವ ಕೊಳವೆ) ಹೋಗುವ ರಂಧ್ರ, ಹಲ್ಲಿನ ಪಟ್ಟಿಯ ದಪ್ಪ, ಡ್ರ್ಯಾಗ್ (ಮೀನು ಜಗ್ಗಿದಾಗ ದಾರವನ್ನು ಹಿಡಿತದಲ್ಲಿ ಬಿಟ್ಟುಕೊಡುವ ಬ್ರೇಕ್) ವಾಷರ್ ಕೂರುವ ಬಟ್ಟಲಿನ ಆಳ ನೋಡಿ. ಬಟ್ಟಲು ಆಳವಿದ್ದು ವಾಷರ್‌ಗಳ ಸಾಲು ಒಳಗೇ ಮುಳುಗಿದರೆ, ಸ್ಟಾರ್ (ಡ್ರ್ಯಾಗ್ ಬಿಗಿಯುವ ನಕ್ಷತ್ರದಾಕಾರದ ಚಕ್ರ) ಎಷ್ಟು ಬಿಗಿದರೂ ಒತ್ತಡ ವಾಷರ್‌ಗೆ ತಲುಪುವುದಿಲ್ಲ.

ಮೂರು ವಾಷರ್‌ನ ಡ್ರ್ಯಾಗ್‌ನಲ್ಲಿ ತಳದಿಂದ ಕ್ರಮ ಹೀಗೆ: ಕಾರ್ಬನ್ ವಾಷರ್, ಸ್ಲೀವ್ ಹಿಡಿಯುವ ಲೋಹದ ವಾಷರ್, ಮತ್ತೆ ಕಾರ್ಬನ್, ಹೊರಗೆ ಕಿವಿ ಇರುವ ಲೋಹದ ವಾಷರ್, ಮತ್ತೆ ಕಾರ್ಬನ್, ಕೊನೆಗೆ ಸ್ಲೀವ್ ಹಿಡಿಯುವ ಇನ್ನೊಂದು. ಕಿವಿಯದು ಗೇರ್ ಜೊತೆ ತಿರುಗುತ್ತದೆ, ಉಳಿದೆರಡು ಸ್ಲೀವ್ ಜೊತೆ. ಕ್ರಮ ತಪ್ಪಿದರೆ ತಿಕ್ಕುವ ಮೇಲ್ಮೈಗಳೇ ಕಡಿಮೆಯಾಗುತ್ತವೆ. ಹಳೆಯ ಚರ್ಮದ ವಾಷರ್ ಸಿಕ್ಕರೆ ತೆಗೆದು ಪೆನ್‌ನ ಕಾರ್ಬನ್ ವಾಷರ್ ಎಚ್‌ಟಿ-100 ಹಾಕಿ, ಇದರಲ್ಲಿ ಯೋಚಿಸುವುದೇ ಬೇಡ. ಬ್ರಿಡ್ಜ್ ಸ್ಕ್ರೂ ಉಪ್ಪು ಹಿಡಿದು ಕಚ್ಚಿದ್ದರೆ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ, ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಮಾತ್ರ ಬಳಸಿ. ಹಳೆಯ ಬೇಕಲೈಟ್ ಪ್ಲೇಟ್‌ಗೆ ಸ್ಕ್ರೂ ಜೋರಾಗಿ ಬಿಗಿದರೆ ಅದು ಸೀಳುತ್ತದೆ.

ಕೂರಿಸಿದ ಮೇಲೆ ಮೇನ್ ಗೇರ್‌ನ ನಾಲ್ಕೈದು ಹಲ್ಲಿಗೆ ನೀಲಿ ಮಾರ್ಕರ್ ಬಳಿದು, ಸ್ಪೂಲ್ ಅನ್ನು ಹೆಬ್ಬೆರಳಿಂದ ಒತ್ತಿ ಹಿಡಿದು ಹ್ಯಾಂಡಲ್ ತಿರುಗಿಸಿ. ಬಣ್ಣ ಹಲ್ಲಿನ ನಡುವೆ ಅಳಿಸಿದ್ದರೆ ಸರಿ. ತುದಿಯಲ್ಲಿ ಮಾತ್ರ ಅಳಿಸಿದ್ದರೆ ಅಲ್ಲೇ ನಿಲ್ಲಿಸಿ.

ಇನ್ನು ವೇಗದ ಆಸೆ. 500ರದು 4:1, 505 ಎಚ್‌ಎಸ್‌ನದು 5:1. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೀರಿನ ಮೇಲ್ಭಾಗದಲ್ಲಿ ಲೋಹದ ಜಿಗ್ (ಕೃತಕ ಎರೆ) ಎಳೆಯುವವರು 5:1 ಬೇಕೆನ್ನುವುದರಲ್ಲಿ ಅರ್ಥವಿದೆ. ದಾರ ತುಂಬಿದ ಸ್ಪೂಲ್ ವ್ಯಾಸ 55 ಮಿ.ಮೀ. ಇದ್ದರೆ, ಹ್ಯಾಂಡಲ್‌ನ ಒಂದು ಸುತ್ತಿಗೆ 4:1ರಲ್ಲಿ ಸುಮಾರು 69 ಸೆಂ.ಮೀ., 5:1ರಲ್ಲಿ 86 ಸೆಂ.ಮೀ. ದಾರ ಬರುತ್ತದೆ. ಆದರೆ ಕೈಗೆ ಬೀಳುವ ಭಾರವೂ ಕಾಲುಭಾಗ ಹೆಚ್ಚು. ಹೆಚ್ಚಿನವರ ಗಮನಕ್ಕೆ ಬಾರದ್ದು ಇನ್ನೊಂದಿದೆ: ಡ್ರ್ಯಾಗ್ ಇರುವುದು ಮೇನ್ ಗೇರ್‌ನೊಳಗೆ. ಹಾಗಾಗಿ ಅವೇ ವಾಷರ್, ಅಷ್ಟೇ ಬಿಗಿದ ಸ್ಟಾರ್ ಇದ್ದರೂ ದಾರದ ಮೇಲಿನ ಹಿಡಿತ ಶೇ. 20 ಇಳಿಯುತ್ತದೆ. ಮೊದಲು 5 ಕೆ.ಜಿ. ಹಿಡಿಯುತ್ತಿದ್ದದ್ದು 4ಕ್ಕೆ ಬಿಟ್ಟುಕೊಡುತ್ತದೆ. ನೀವು ಬರೆದಂತೆ ತಳದ ಮೀನಿಗೆ ಭಾರದ ಸೀಸ ಇಳಿಸುವುದೇ ಹೆಚ್ಚಾದರೆ 4:1 ಬಿಡಬೇಡಿ. 500ರ ಮೇನ್ ಗೇರ್ ಚೆನ್ನಾಗಿದೆ ಅಂದಿದ್ದೀರಿ, ಹಲ್ಲಿನ ಒಂದೇ ಬದಿ ಕೊಕ್ಕೆಯಂತೆ ಸವೆದಿಲ್ಲವೆಂದು ಲೆನ್ಸ್‌ನಲ್ಲಿ ನೋಡಿ ಖಚಿತ ಮಾಡಿಕೊಂಡು 13-500 ಒಂದು ತರಿಸಿ. ಸವೆದ ಮೇನ್ ಗೇರ್ ಹೊಸ ಪಿನಿಯನ್ನನ್ನೂ ತಿಂದುಹಾಕುತ್ತದೆ.

ವೇಗವೇ ಬೇಕಾದರೆ 505 ಎಚ್‌ಎಸ್‌ನ ಮೇನ್ ಗೇರ್, ಪಿನಿಯನ್ ಎರಡನ್ನೂ ಒಟ್ಟಿಗೆ ವರ್ಗಾಯಿಸಿ. ಮೇಲಿನ ಅಳತೆಗಳಲ್ಲಿ ಒಂದಾದರೂ ಕೂಡದಿದ್ದರೆ ಅದರ ಬ್ರಿಡ್ಜನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ಕಡಲಿಗೆ ಹೋಗುವ ಮುನ್ನ ದಾರದ ತುದಿಗೆ ತೂಕದ ಸ್ಪ್ರಿಂಗ್ ಸ್ಕೇಲ್ ಕಟ್ಟಿ, 15 ಕೆ.ಜಿ. ದಾರವಾದರೆ ಡ್ರ್ಯಾಗ್ 4ರಿಂದ 5 ಕೆ.ಜಿ.ಗೆ ಹೊಂದಿಸಿ, ಡ್ರ್ಯಾಗ್ ಜಾರುವ ಹಂತದವರೆಗೆ ಹ್ಯಾಂಡಲ್ ತಿರುಗಿಸಿ ಎಳೆಯಿರಿ. ಇದನ್ನು ಹತ್ತಾರು ಸಲ ಮಾಡಿ ರೀಲ್ ಮತ್ತೆ ಬಿಚ್ಚಿ. ಗ್ರೀಸ್‌ನಲ್ಲಿ ಹಳದಿ ಮಿನುಗು ಕಂಡರೆ ಜೋಡಿ ಕೂಡಿಲ್ಲ, ಗೇರ್‌ಗಳನ್ನು ಹೊರತೆಗೆಯಿರಿ.