ಸರ್ಕಾರ ಮೊದಲ ಗಿರಾಕಿ ಆಗಲಿ, ಬಿಲ್ ಹೊತ್ತಿಗೆ ಸರಿಯಾಗಿ ಕೊಡಲಿ

ಸೋಲಾರ್, ಗಾಳಿ ವಿದ್ಯುತ್ ಅಂತ ಹೊಸದಾಗಿ ಶುರುವಾಗುವ ಚಿಕ್ಕ ಕಂಪನಿಗಳಿಗೆ ಸರ್ಕಾರ ನಮ್ಮ ತೆರಿಗೆ ದುಡ್ಡು ಹಾಕಬೇಕಾ, ಮುಳುಗಿದರೆ ಯಾರು ಹೊಣೆ, ಖಾಸಗಿಯವರೇ ನೋಡಿಕೊಳ್ಳಬಾರದಾ ಅಂತ ಕೇಳಿದ್ದೀರಿ.

ಹಾಕಬೇಕು. ಆದರೆ ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಪುಣೆಯ ಭೋಸರಿಯಲ್ಲಿ ಚಿಕ್ಕದೊಂದು ಫ್ಯಾಬ್ರಿಕೇಶನ್ ಶೆಡ್ ನಡೆಸುತ್ತೇನೆ. ಊರು ವಿಜಯಪುರ ಜಿಲ್ಲೆ, ತಿಕೋಟಾ ಕಡೆ. ಶೀಟ್ ಕತ್ತರಿಸುವುದು, ಬೆಂಡ್ ಮಾಡುವುದು, ವೆಲ್ಡಿಂಗ್ ಮಾಡುವುದು ನನ್ನ ಕೆಲಸ. ಸೋಲಾರ್ ಕೆಲಸ ಮಾಡುವ ಐದಾರು ಹೊಸ ಕಂಪನಿಗಳಿಗೆ ಮಾಲು ಮಾಡಿಕೊಟ್ಟಿದ್ದೇನೆ. ಕೆಲವು ಬೆಳೆದವು, ಕೆಲವು ಮುಚ್ಚಿದವು. ಒಂದರ ಕಥೆ ಹೇಳುತ್ತೇನೆ, ನನ್ನ ಉತ್ತರ ಅದರಲ್ಲೇ ಇದೆ.

2021ರ ಕೊನೆಯಲ್ಲಿ ಇಬ್ಬರು ಹುಡುಗರು ಒಂದು ಡ್ರಾಯಿಂಗ್ ಹಿಡಿದುಕೊಂಡು ಶೆಡ್ಡಿಗೆ ಬಂದರು. ಒಬ್ಬ ಧಾರವಾಡದವನು, ಇನ್ನೊಬ್ಬ ಸಾಂಗ್ಲಿಯವನು. ಬಿಸಿಲಿನ ಶಾಖದಲ್ಲಿ ದ್ರಾಕ್ಷಿ ಒಣಗಿಸುವ ಡ್ರೈಯರ್ ಮಾಡಬೇಕಿತ್ತು ಅವರಿಗೆ. ನಾನು ರೇಟು ಮಾತಾಡುವ ಮೊದಲೇ ಒಪ್ಪಿಕೊಂಡೆ. ಯಾಕೆಂದರೆ ನಮ್ಮೂರಿನ ಕಷ್ಟವೇ ಅದು. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಅಂತಾರೆ. ಗೊಂಚಲನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನಲ್ಲಿ ಬಲೆಯ ಮೇಲೆ ಹರಡಿ, ಎರಡು ವಾರದಷ್ಟು ಕಾಯಬೇಕು. ಆ ಎರಡು ವಾರದಲ್ಲಿ ಅಕಾಲದ ಮಳೆ ಬಂದರೆ ಮುಗಿಯಿತು. ಮಣೂಕ ಕಪ್ಪಾಗುತ್ತದೆ, ರೇಟು ಅರ್ಧಕ್ಕೆ ಬೀಳುತ್ತದೆ. ಮಾರ್ಚ್ ತಿಂಗಳಲ್ಲಿ ಮೋಡ ಕವಿದರೆ ನಮ್ಮಪ್ಪ ಊಟ ಬಿಟ್ಟು ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದರು.

ಮೊದಲ ಡ್ರೈಯರ್ ಸರಿ ಬರಲಿಲ್ಲ. ಬಿಸಿಗಾಳಿ ಕೆಳಗಿನಿಂದ ಒಳಗೆ ಬರುತ್ತಿತ್ತು. ಕೆಳಗಿನ ಟ್ರೇ ಒಣಗಿ ಗಟ್ಟಿಯಾದರೂ ಮೇಲಿನ ಟ್ರೇ ಹಸಿಯಾಗೇ ಇರುತ್ತಿತ್ತು. ಟ್ರೇಗಳ ನಡುವಿನ ಅಂತರ ಜಾಸ್ತಿ ಮಾಡಿದೆವು. ಗಾಳಿ ತಿರುಗಿಸಲು ಒಳಗೆ ಓರೆಯಾಗಿ ಒಂದು ಶೀಟ್ ಕೂರಿಸಿದೆವು. ಚಿಕ್ಕ ಪ್ಯಾನೆಲ್‌ನಿಂದ ಓಡುವ ಫ್ಯಾನ್ ಹಾಕಿದೆವು. ಬಾಗಿಲಿನ ಸಂದಿಯಲ್ಲಿ ಶಾಖ ಸೋರುತ್ತಿತ್ತು, ಗ್ಯಾಸ್ಕೆಟ್ ಬದಲಾಯಿಸಿದೆವು. ಹೀಗೆ ಐದು ಸಲ ಕೆಟ್ಟು ಆರನೇ ಸಲ ಸರಿ ಬಂತು. ಬಾಗಿಲು ತೆಗೆದು ಎಲ್ಲಕ್ಕಿಂತ ಮೇಲಿನ ಟ್ರೇಯಿಂದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡೆ. ಹೊರಗೆ ತಿಳಿ ಹಸಿರು ಬಣ್ಣ, ಒಳಗೆ ಮೆತ್ತಗೆ. ನಮ್ಮಪ್ಪ ನೋಡಿದ್ದರೆ ಒಂದು ಮುಷ್ಟಿ ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಆ ಐದು ಸಲ ಕೆಟ್ಟ ಖರ್ಚು ಕೊಟ್ಟವರು ಯಾರು? ಸರ್ಕಾರ. 2021ರಲ್ಲಿ ಕೇಂದ್ರ ಸರ್ಕಾರ 945 ಕೋಟಿ ರೂಪಾಯಿಯ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ತಂದಿತು. ಮಾದರಿ ಮಾಡಿ ಪರೀಕ್ಷಿಸಲು 20 ಲಕ್ಷದವರೆಗೆ ಅನುದಾನ, ಮುಂದೆ ಮಾರುಕಟ್ಟೆಗೆ ತರಲು 50 ಲಕ್ಷದವರೆಗೆ ಸಾಲದ ರೂಪದಲ್ಲಿ ಸಿಗುತ್ತಿತ್ತು. ಇವರಿಗೆ ಅನುದಾನ ಅಲ್ಲಿಂದ ಬಂತು. ಅದಕ್ಕೂ ಮೊದಲು ಖಾಸಗಿ ಹೂಡಿಕೆದಾರರ ಹತ್ತಿರ ಹೋಗಿದ್ದರು, ಯಾರೂ ಕೊಟ್ಟಿರಲಿಲ್ಲ. ಅವರದ್ದೂ ತಪ್ಪು ಅನ್ನಲಾರೆ. ಅವರಿಗೆ ಕೆಲವು ವರ್ಷದಲ್ಲಿ ದುಡ್ಡು ಹತ್ತು ಪಟ್ಟು ಆಗಬೇಕು. ಮೊಬೈಲ್ ಆ್ಯಪ್ ಆದರೆ ಆಗಬಹುದು. ಕಬ್ಬಿಣ, ಗಾಜು, ಫ್ಯಾನ್ ಇರುವ ವಸ್ತು ಅಷ್ಟು ಬೇಗ ಬೆಳೆಯುವುದಿಲ್ಲ. ದ್ರಾಕ್ಷಿ ಸೀಸನ್ ವರ್ಷಕ್ಕೆ ಒಂದೇ ಸಲ ಬರುತ್ತದೆ. ಸೀಸನ್ ಮುಗಿಯುವಷ್ಟರಲ್ಲಿ ಸರಿ ಬರದಿದ್ದರೆ ಮತ್ತೆ ಪರೀಕ್ಷೆ ಮಾಡಲು ಮುಂದಿನ ವರ್ಷದವರೆಗೆ ಕಾಯಬೇಕು. ಹಾಗೆ ಕಾಯುವ ತಾಳ್ಮೆ ಸಾರ್ವಜನಿಕ ಹಣಕ್ಕೆ ಮಾತ್ರ ಇರಲು ಸಾಧ್ಯ. ಪುಣೆಯ ಎನ್‌ಸಿಎಲ್ ಅಂದರೆ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಆಶ್ರಯದಲ್ಲಿರುವ ವೆಂಚರ್ ಸೆಂಟರ್‌ನಂಥ ಕಡೆ ದುಬಾರಿ ಲ್ಯಾಬ್ ಉಪಕರಣಗಳನ್ನು ಚಿಕ್ಕ ಕಂಪನಿಗಳು ಬಳಸಬಹುದು. ಒಬ್ಬೊಬ್ಬರೇ ಕೊಳ್ಳಲು ಆಗದ್ದು ಅದು. ಇಂಥದ್ದಕ್ಕೆ ನನ್ನ ತೆರಿಗೆ ಹೋದರೆ ನನಗೆ ಸಂತೋಷ.

ಮುಂದೆ ಆಗಿದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

2023ರಲ್ಲಿ ಒಂದು ಸರ್ಕಾರಿ ಕಚೇರಿಯಿಂದ 40 ಡ್ರೈಯರ್‌ಗೆ ಆರ್ಡರ್ ಬಂತು. ಹುಡುಗರು ಪೇಡೆ ತಂದು ನನ್ನ ವೆಲ್ಡರ್‌ಗಳಿಗೆಲ್ಲ ಹಂಚಿದರು. ಮೂರು ತಿಂಗಳಲ್ಲಿ 40ನ್ನೂ ಮಾಡಿ ಕಳಿಸಿದೆವು. ರೈತರು ಬಳಸಲು ಶುರು ಮಾಡಿದರು. ಆದರೆ ಬಿಲ್ ಪಾಸ್ ಆಗಲಿಲ್ಲ. ತಪಾಸಣೆ ಮಾಡಬೇಕಾದ ಸಾಹೇಬರಿಗೆ ವರ್ಗ ಆಯಿತು. ಹೊಸಬರು ಬಂದು ಫೈಲ್ ಮೊದಲಿನಿಂದ ನೋಡಬೇಕು ಅಂದರು. ಅಷ್ಟರಲ್ಲಿ ಮಾರ್ಚ್ ಮುಗಿಯಿತು, ಈ ವರ್ಷದ ಬಜೆಟ್‌ನಲ್ಲಿ ಹೊಸದಾಗಿ ಮಂಜೂರಾಗಬೇಕು ಅಂದರು. ಹನ್ನೊಂದು ತಿಂಗಳು ಹೋಯಿತು. ಈ ಕಡೆ ಬಿಲ್ ಹಾಕಿದ ಮೇಲೆ ಜಿಎಸ್‌ಟಿ ಕಟ್ಟಲೇಬೇಕು, ದುಡ್ಡು ಕೈಗೆ ಬಂದಿರಲಿ ಬಿಡಲಿ. ಬ್ಯಾಂಕಿನ ಬಡ್ಡಿ ತಿಂಗಳು ತಿಂಗಳು ಏರುತ್ತಿತ್ತು. ನನಗೆ ಬರಬೇಕಾದದ್ದೇ ಆರು ಲಕ್ಷದ ಮೇಲಿತ್ತು. ಧಾರವಾಡದ ಹುಡುಗ ಬೈಕ್ ಮಾರಿ ನನಗೆ ಒಂದಿಷ್ಟು ತಂದುಕೊಟ್ಟ. ಬೇಡಪ್ಪ ಅಂದರೂ ಕೇಳಲಿಲ್ಲ. ಕೊನೆಗೆ ದುಡ್ಡು ಬರುವಷ್ಟರಲ್ಲಿ ಕಂಪನಿ ಮುಚ್ಚಿತ್ತು.

ಗಮನಿಸಿ, ಆ ಕಂಪನಿಯ ಡ್ರೈಯರ್ ಚೆನ್ನಾಗಿಯೇ ಇತ್ತು. ಬಿಸಿಲಿಗೆ ಬರ ಇರಲಿಲ್ಲ, ರೈತರಿಗೂ ಬೇಕಾಗಿತ್ತು. ಒಂದು ಕೈಯಿಂದ ಅನುದಾನ ಕೊಟ್ಟು ಬೆಳೆಸಿದ ಕಂಪನಿಯನ್ನು ಸರ್ಕಾರವೇ ಇನ್ನೊಂದು ಕೈಯಿಂದ ಕೊಂದಂತಾಯಿತು. ಕಾನೂನು ಇಲ್ಲ ಅಂತಲ್ಲ. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಬೇಕು ಅಂತ 2006ರ ಕಾಯ್ದೆಯಲ್ಲೇ ಇದೆ. ದೂರು ಕೊಡಿ ಅಂತ ನಾನೂ ಹೇಳಿದೆ. ಹುಡುಗರು ಹೆದರಿದರು. ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಯಾರು ಕೊಡುತ್ತಾರೆ?

ಇನ್ನು ಮುಳುಗಿದರೆ ಅನ್ನುವ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಈ ಮಾತು ಬಂದಾಗ ಎಲ್ಲರೂ ಅಮೆರಿಕದ ಸೊಲಿಂಡ್ರಾ ಹೆಸರು ಹೇಳುತ್ತಾರೆ. 2009ರಲ್ಲಿ ಅದಕ್ಕೆ ಅಲ್ಲಿನ ಸರ್ಕಾರದ ಇಂಧನ ಇಲಾಖೆ 53.5 ಕೋಟಿ ಡಾಲರ್ ಸಾಲಕ್ಕೆ ಖಾತರಿ ನಿಂತಿತು. ಕೊಳವೆ ಆಕಾರದ, ಸಿಲಿಕಾನ್ ಬೇಡದ ಸೋಲಾರ್ ಪ್ಯಾನೆಲ್ ಮಾಡುತ್ತಿದ್ದ ಕಂಪನಿ. ಸಿಲಿಕಾನ್ ರೇಟು ಕುಸಿದು, ಅದರಿಂದ ಮಾಡುವ ಮಾಮೂಲಿ ಪ್ಯಾನೆಲ್‌ಗಳೇ ಅಗ್ಗವಾದವು. 2011ರಲ್ಲಿ ದಿವಾಳಿ ಎದ್ದಿತು. ಇದು ನಿಜ. ಆದರೆ ಅದೇ ಇಂಧನ ಇಲಾಖೆ 2010ರಲ್ಲಿ ಎಲೆಕ್ಟ್ರಿಕ್ ಕಾರು ಮಾಡುವ ಟೆಸ್ಲಾಗೆ 46.5 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ಅವರು 2013ರಲ್ಲಿ, ಒಂಬತ್ತು ವರ್ಷ ಮೊದಲೇ, ಪೂರ್ತಿ ತೀರಿಸಿದರು. ಹತ್ತು ಎಕರೆ ಬಿತ್ತಿದವನು ಎರಡು ಎಕರೆ ಕೆಟ್ಟಿತು ಅಂತ ಬೇಸಾಯ ಬಿಡುತ್ತಾನಾ? ಒಟ್ಟು ರಾಶಿ ಎಷ್ಟಾಯಿತು ಅಂತ ನೋಡಬೇಕು, ಅಲ್ವಾ?

ಆದರೂ ಅಲ್ಲಿ ಒಂದು ಅನ್ಯಾಯ ಇದೆ, ಅದರಲ್ಲಿ ನಾನು ನಿಮ್ಮ ಪರ. ಸೊಲಿಂಡ್ರಾ ಸೋತಾಗ ನಷ್ಟ ಜನರದ್ದಾಯಿತು. ಟೆಸ್ಲಾ ಗೆದ್ದಾಗ ಜನರಿಗೆ ಬಂದದ್ದು ಅಸಲು, ಬಡ್ಡಿ ಅಷ್ಟೇ. ಸರ್ಕಾರ ದೊಡ್ಡ ಮೊತ್ತ ಕೊಡುವುದಾದರೆ ಗೆದ್ದಾಗಲೂ ಚೂರು ಪಾಲು ಕೇಳಲಿ. ಬರೀ ಸೋಲಿನಲ್ಲಿ ಮಾತ್ರ ಪಾಲುದಾರ ಆಗುವುದು ಸರಿಯಲ್ಲ. ಮತ್ತೆ ನೂರಾರು ಕೋಟಿಯ ಕಾರ್ಖಾನೆ ಮಾತು ಬಂದಾಗ ಸರ್ಕಾರ ನೇರವಾಗಿ ದುಡ್ಡು ಹಾಕುವುದು ನನಗೆ ಬೇಡ ಅನಿಸುತ್ತದೆ. ಅಲ್ಲಿ ಬ್ಯಾಂಕುಗಳಿವೆ. ಈ ಕ್ಷೇತ್ರಕ್ಕೆ ಸಾಲ ಕೊಡಲೆಂದೇ 1987ರಿಂದ ಇರೆಡಾ ಅನ್ನುವ ಸರ್ಕಾರಿ ಸಂಸ್ಥೆ ಇದೆ.

ಸರ್ಕಾರ ಗಿರಾಕಿಯಾಗಿ ನಿಂತಾಗ ಏನಾಗುತ್ತದೆ ಅನ್ನುವುದಕ್ಕೆ ನಿಮ್ಮ ಮನೆಯ ಎಲ್ಇಡಿ ಬಲ್ಬ್ ನೋಡಿ. 2014ರ ಆರಂಭದಲ್ಲಿ ಸರ್ಕಾರಿ ಕಂಪನಿ ಇಇಎಸ್ಎಲ್ ಒಂದು ಬಲ್ಬನ್ನು 310 ರೂಪಾಯಿಗೆ ಕೊಳ್ಳುತ್ತಿತ್ತು. ಕೋಟಿಗಟ್ಟಲೆ ಬಲ್ಬ್ ಒಟ್ಟಿಗೆ ಕೊಳ್ಳುತ್ತಾ ಹೋದ ಹಾಗೆ, 2016ರ ಹೊತ್ತಿಗೆ ಅದೇ ರೇಟು 38 ರೂಪಾಯಿಗೆ ಇಳಿಯಿತು. ಸೋಲಾರ್ ಕರೆಂಟ್ ಕೂಡ ಹಾಗೇ. 2010ರ ರಾಷ್ಟ್ರೀಯ ಸೋಲಾರ್ ಮಿಷನ್‌ನ ಮೊದಲ ಟೆಂಡರ್‌ನಲ್ಲಿ ಯೂನಿಟ್‌ಗೆ 10 ರೂಪಾಯಿ ದಾಟಿತ್ತು. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44ಕ್ಕೆ ಬಂತು. ಪ್ಯಾನೆಲ್ ಅಗ್ಗ ಆದದ್ದು ದೊಡ್ಡ ಕಾರಣ. ಆದರೆ 25 ವರ್ಷ ಕರೆಂಟ್ ಕೊಳ್ಳುತ್ತೇವೆ ಅಂತ ಸರ್ಕಾರ ಕರಾರು ಮಾಡಿಕೊಂಡದ್ದರಿಂದಲೇ ಬ್ಯಾಂಕಿನವರು ಧೈರ್ಯವಾಗಿ ಸಾಲ ಕೊಟ್ಟರು.

ಸಾತಾರಾ ಕಡೆ ಚಾಳಕೇವಾಡಿ ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು ನೋಡಿರುತ್ತೀರಿ. ನಮ್ಮ ದೇಶದಲ್ಲಿ ಮೊದಲು ಗಾಳಿಯಂತ್ರ ನಿಲ್ಲಿಸಿದರೇ ಆದಾಯ ತೆರಿಗೆಯಲ್ಲಿ ದೊಡ್ಡ ರಿಯಾಯಿತಿ ಸಿಗುತ್ತಿತ್ತು, ಅದು ಎಷ್ಟು ತಿರುಗಿತು ಅಂತ ಕೇಳುವವರಿರಲಿಲ್ಲ. 2009ರ ಕೊನೆಯಲ್ಲಿ ಉತ್ಪಾದನೆ ಆದ ಪ್ರತಿ ಯೂನಿಟ್‌ಗೆ 50 ಪೈಸೆ ಪ್ರೋತ್ಸಾಹಧನದ ಯೋಜನೆ ಬಂತು. ನನಗೆ ಇದೇ ಸರಿ ಅನಿಸುತ್ತದೆ. ಕಂಬ ನೆಟ್ಟಿದ್ದಕ್ಕೆ ಕೊಡುವುದಕ್ಕಿಂತ ಕರೆಂಟ್ ಬಂದದ್ದಕ್ಕೆ ಕೊಡಲಿ.

ಹಾಗಾಗಿ ನನ್ನನ್ನು ಕೇಳಿದರೆ, ಆರಂಭದ ಪರೀಕ್ಷೆಗೆ ಅನುದಾನ ಕೊಡಲಿ, ಅದರಲ್ಲಿ ಒಂದಿಷ್ಟು ಸೋಲುತ್ತದೆ ಅಂತ ಮೊದಲೇ ಜನರಿಗೆ ಹೇಳಿಬಿಡಲಿ. ಪರೀಕ್ಷೆಯಲ್ಲಿ ಗೆದ್ದ ವಸ್ತುವನ್ನು ಸರ್ಕಾರವೇ ಮೊದಲು ಕೊಳ್ಳಲಿ. ಆರ್ಡರ್ ಜೊತೆ ಮೂವತ್ತು ಪರ್ಸೆಂಟ್ ಮುಂಗಡ ಕೊಡಲಿ. ಉಳಿದದ್ದು 45 ದಿನದೊಳಗೆ ಬರಲಿ. ತಡವಾದರೆ ಬಡ್ಡಿ ತಾನಾಗಿಯೇ ಬಿಲ್‌ಗೆ ಸೇರಲಿ, ಹುಡುಗರು ದೂರು ಕೊಡುವ ಪರಿಸ್ಥಿತಿಯೇ ಬರಬಾರದು.

ಆ ಇಬ್ಬರೂ ಈಗ ನೌಕರಿಯಲ್ಲಿದ್ದಾರೆ. ಒಬ್ಬ ಹಿಂಜವಡಿಯಲ್ಲಿ, ಇನ್ನೊಬ್ಬ ಚಾಕಣ್‌ನಲ್ಲಿ. ಆರನೇ ಡ್ರೈಯರ್ ನನ್ನ ಹತ್ತಿರವೇ ಉಳಿದಿತ್ತು, ಊರಿಗೆ ಕಳಿಸಿದೆ. ಹೋದ ಮಾರ್ಚ್‌ನಲ್ಲಿ ಮಳೆ ಬಂದಾಗ ತಮ್ಮ ಅದರ ಬಾಗಿಲು ತೆಗೆದು ಫೋಟೋ ಕಳಿಸಿದ್ದ, ಟ್ರೇ ತುಂಬಾ ತಿಳಿ ಹಸಿರು ಮಣೂಕ. ನಾನು ಅದನ್ನು ಇಬ್ಬರಿಗೂ ಕಳಿಸಿದೆ. ಧಾರವಾಡದವನು ಎರಡೇ ನಿಮಿಷದಲ್ಲಿ ಫೋನ್ ಮಾಡಿ ಕೇಳಿದ, "ಅಣ್ಣಾ, ಮ್ಯಾಲಿನ ಟ್ರೇನೂ ಒಣಗೇತೇನು?"